ಕೂಲಿಯ ನಡುವೆ ಸೂಜಿ

ನಮ್ಮ ತಾಂಡಾದಲ್ಲಿ ಸೂಜಿಯೊಂದನ್ನೇ ನಂಬಿ ಬದುಕಿದ ಹೆಂಗಸು ಒಬ್ಬಳೂ ಇಲ್ಲ. ನನ್ನ ದಾದಿಯ, ಅಂದರೆ ಅಜ್ಜಿಯ, ಕಾಲದವರೆಗೆ ಸೂಜಿ ಹಿಡಿಯದ ಹೆಂಗಸೂ ಒಬ್ಬಳಿರಲಿಲ್ಲ. ಲಂಬಾಣಿ ಕಸೂತಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಅದರ ಬಣ್ಣ, ಕನ್ನಡಿ, ಕವಡೆಗಳನ್ನು ವರ್ಣಿಸಿ ಮುಗಿಸುತ್ತಾರೆ. ಅದನ್ನು ಯಾವ ಹೊತ್ತಿನಲ್ಲಿ ಹೊಲಿದರು, ಆ ದಿನ ಹೊಟ್ಟೆಪಾಡಿಗೆ ಏನು ಮಾಡಿದ್ದರು, ದಾರಕ್ಕೆ ದುಡ್ಡು ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ನನಗೆ ಅವೇ ಮುಖ್ಯ ಪ್ರಶ್ನೆಗಳು. ಸಿಕ್ಕಿದ ಕೂಲಿ ಮಾಡಿಕೊಂಡು, ಫೆಬ್ರುವರಿಯ ಜಾತ್ರೆಗೆ ಒಂದಿಷ್ಟು ಕಸೂತಿ ಸಾಮಾನು ಹೊಲಿದು ಮಾರಬೇಕೆಂದು ಹೊರಟಿರುವ ನಾನೂ ಈಗ ಅದೇ ಲೆಕ್ಕ ಹಾಕುತ್ತಿದ್ದೇನೆ.

ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ತಾಂಡಾದಲ್ಲಿ. ಮದುವೆ ಮಾಡಿಕೊಟ್ಟದ್ದು ನ್ಯಾಮತಿ ಕಡೆಗೆ, ಸೂರಗೊಂಡನಕೊಪ್ಪದ ಹತ್ತಿರಕ್ಕೆ. ದುಡಿಮೆ ಹೊನ್ನಾಳಿಯ ಗದ್ದೆಗಳಲ್ಲಿ, ಚನ್ನಗಿರಿಯ ಅಡಿಕೆ ಮನೆಗಳಲ್ಲಿ. ಪಿಯುಸಿ ಆದಮೇಲೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಮುಗಿಸಿದೆ. ನಮ್ಮವರ ಬಗ್ಗೆ ಹೊರಗಿನವರು ಏನು ಬರೆದಿದ್ದಾರೆಂದು ಹುಡುಕಿ ಓದುವ ಗೀಳು ಹತ್ತಿದ್ದು ಆಗಲೇ. ನಾನು ಓಡಾಡುವ ಈ ನಾಲ್ಕು ಊರು 1997ರ ಆಗಸ್ಟ್ 15ಕ್ಕೆ ಮೊದಲು ಒಂದೇ ಜಿಲ್ಲೆಯಲ್ಲಿ ಇರಲಿಲ್ಲ. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. ಕೂಲಿಯ ದಾರಿ ಮಾತ್ರ ಅದಕ್ಕೂ ಹಳೆಯದು. ಮಳೆ ಕೈಕೊಟ್ಟ ವರ್ಷ ಜಗಳೂರಿನವರು ಭದ್ರಾ ನಾಲೆಯ ನೀರಿರುವ ಕಡೆಗೆ ಇಳಿಯುತ್ತಾರೆ. ನನ್ನ ತವರಿನವರೂ ಹಾಗೆ ಇಳಿದವರೇ.

ಒಂದು ಕಾಲದಲ್ಲಿ ನಾವು ಕೂಲಿಗೆ ಹೋಗುವವರಾಗಿರಲಿಲ್ಲ, ಹೊರೆ ಸಾಗಿಸುವವರಾಗಿದ್ದೆವು. 1632ರಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ಉತ್ತರ ಭಾರತದ ದಾರಿಯಲ್ಲಿ ಒಂದು ತಾಂಡಾ ನೋಡಿದ. ಧಾನ್ಯ ಹೇರಿದ 14,000 ಎತ್ತುಗಳು, ಜೊತೆಯಲ್ಲೇ ಹೆಂಡತಿ ಮಕ್ಕಳು, ಮನೆಯ ಸಾಮಾನು. ಅದೇ ಶತಮಾನದಲ್ಲಿ ಬಂದ ಫ್ರೆಂಚ್ ಪ್ರವಾಸಿ ತಾವೆರ್ನಿಯೇ ಕೂಡ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಎದುರಾದರೆ ಪ್ರಯಾಣಿಕರು ಎರಡು ಮೂರು ದಿನ ದಾರಿ ಬಿಟ್ಟು ಕಾಯಬೇಕಾಗುತ್ತಿತ್ತು ಎಂದು ಬರೆದಿದ್ದಾನೆ. ಮೊಗಲರ ದಂಡು ದಖನ್ನಿಗೆ ಬಂದಾಗ ಅದರ ಹಿಂದೆ ಧಾನ್ಯ, ಉಪ್ಪು ತಂದವರು ನಮ್ಮವರೇ. ನಾವು ತುಂಗಭದ್ರೆಯ ಈಚೆಗೆ ಬಂದು ನೆಲೆಸಿದ ಕಥೆ ಶುರುವಾಗುವುದು ಈ ಎತ್ತುಗಳ ಗೊರಸಿನ ಜಾಡಿನಲ್ಲಿ.

ಆ ತಾಂಡಾಗಳಲ್ಲಿ ಹೊಲಿಗೆ ಎಲ್ಲಿತ್ತು ಎಂದರೆ, ಮೊದಲು ಎತ್ತಿನ ಮೈಮೇಲೆ. ಬಂಜಾರರೆಂದೂ ಕರೆಸಿಕೊಳ್ಳುವ ನಮ್ಮವರಲ್ಲಿ ದೇವರಿಗೆ ಬಿಟ್ಟ ಒಂದು ಎತ್ತು ಇರುತ್ತಿತ್ತು, ಹಟಾಡಿಯಾ ಎಂದು ಅದರ ಹೆಸರು. ಅದರ ಮೇಲೆ ಹೊರೆ ಹೇರುತ್ತಿರಲಿಲ್ಲ. ಕೆಂಪು ಬಟ್ಟೆ, ಗೆಜ್ಜೆ, ಕವಡೆ ತೊಡಿಸಿ ಮುಂದೆ ನಡೆಸುತ್ತಿದ್ದರು. ಉಳಿದ ಎತ್ತುಗಳ ಬೆನ್ನಿನ ಎರಡು ಬದಿಗೂ ಇಳಿಬಿದ್ದ ಗೋಣಿಗಳಲ್ಲಿ ಧಾನ್ಯ. ಗೋಣಿಯ ಬಾಯಿ ಹರಿದರೆ ದಾರಿಯುದ್ದಕ್ಕೂ ಜೋಳ ಸೋರಿ ವ್ಯಾಪಾರವೇ ಹಾಳು. ಬಾಯಿ, ಅಂಚು, ಮೂಲೆಗಳಲ್ಲಿ ಒತ್ತೊತ್ತಾಗಿ ಹೊಲಿಗೆ ಹಾಕಿ ಗಟ್ಟಿ ಮಾಡುವ ನಮ್ಮ ಹೆಂಗಸರ ಹಟ ಅಲ್ಲಿಂದಲೇ ಬಂದಿರಬೇಕು ಎಂಬುದು ನನ್ನ ಅನಿಸಿಕೆ. ಇಂದಿಗೂ ಲಂಬಾಣಿ ಚೀಲ ನೋಡಿದರೆ ಕಸೂತಿ ದಟ್ಟವಾಗಿರುವುದು ಅಂಚಿನಲ್ಲಿ, ಬಾಯಿಯ ಸುತ್ತ, ಹಿಡಿಕೆ ಸೇರುವ ಜಾಗದಲ್ಲಿ. ಎಲ್ಲಿ ಹರಿಯುತ್ತದೋ ಅಲ್ಲಿ. ಅಂದವೂ ಬಂದದ್ದು ಆ ಅಗತ್ಯದ ಬೆನ್ನಿಗೇ.

ನಮ್ಮ ಸೀಮೆಯ ಯುದ್ಧಗಳಲ್ಲೂ ಈ ಗೋಣಿಗಳು ಇದ್ದವು. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿದ ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಬಂದೂ ಹಿಂದಿರುಗಬೇಕಾಯಿತು. ದಂಡಿಗೆ ಧಾನ್ಯವಿರಲಿಲ್ಲ, ಎತ್ತುಗಳು ಸತ್ತಿದ್ದವು. ಮುಂದಿನ ವರ್ಷ ಅವನು ಮತ್ತೆ ಬಂದಾಗ ಕಂಪನಿಯವರು ‘ಬ್ರಿಂಜಾರಿ’ಗಳೆಂದು ಕರೆಯುತ್ತಿದ್ದ ನಮ್ಮವರ ಎತ್ತುಗಳು ಅವನ ಹಿಂದೆ ಇದ್ದವು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಸೆರೆಯಿಂದ ಹೊರಬಂದು ಕಂಪನಿಯ ವಿರುದ್ಧ ದಂಡು ಕಟ್ಟಿದ ಧೋಂಡಿಯಾ ವಾಘ್ ಚನ್ನಗಿರಿಯಲ್ಲಿ ಹುಟ್ಟಿದವನು. ಅವನನ್ನು 1800ರ ಸೆಪ್ಟೆಂಬರ್ 10ರಂದು ಕೊಲ್ಲುವವರೆಗೆ ಬೆನ್ನಟ್ಟಿದ ಆರ್ಥರ್ ವೆಲ್ಲೆಸ್ಲಿ ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಬ್ರಿಂಜಾರಿಗಳ ಮಾತೆತ್ತುತ್ತಾನೆ. ವೀರರ ಹೆಸರು ಊರೂರಿಗೆ ಗೊತ್ತು. ಅವರ ಊಟ ಹೊತ್ತು ತಂದವರ ಹೆಸರು ಯಾರೂ ಬರೆದಿಡಲಿಲ್ಲ. ಅವರ ಗೋಣಿ ಹೊಲಿದ ಹೆಂಗಸರ ಮಾತಂತೂ ದೂರವೇ ಉಳಿಯಿತು.

ರೈಲು ಬಂದು ಈ ಬದುಕನ್ನು ಮುಗಿಸಿತು. 1880ರ ದಶಕದ ಕೊನೆಗೆ ಬೆಂಗಳೂರಿನಿಂದ ಹರಿಹರದ ಕಡೆಗೆ ಹಳಿ ಬಂತು, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಹೋಯಿತು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಗಿತ್ತು. ಎತ್ತಿನ ಮೇಲೆ ತಿಂಗಳುಗಟ್ಟಲೆ ಬರುವ ಸರಕನ್ನು ಯಾರು ಕಾಯುತ್ತಾರೆ? ಸಾಲದೆಂಬಂತೆ 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಅಡಿಯಲ್ಲಿ ಹಲವು ಪ್ರಾಂತ್ಯಗಳು ಅಲೆಮಾರಿಗಳ ಮೇಲೆ ಕಳ್ಳರೆಂಬ ಮುದ್ರೆ ಒತ್ತಿದವು. ಆ ಕಾಯ್ದೆ ತೊಲಗಿದ್ದು 1952ರಲ್ಲಿ. ಮಧ್ಯದ ಆ ಎಂಬತ್ತು ವರ್ಷ ನಮ್ಮವರು ಕಾಡಂಚಿನಲ್ಲಿ, ಗುಡ್ಡದ ಬುಡದಲ್ಲಿ, ಊರಿನಿಂದ ದೂರ ತಾಂಡಾ ಹಾಕಿಕೊಂಡು ಸೌದೆ ಮಾರಿದರು, ಹುಲ್ಲು ಹೊತ್ತರು, ಕಾಫಿ ತೋಟಗಳಿಗೆ ಹೋದರು, ರಸ್ತೆಗೆ ಕಲ್ಲು ಒಡೆದರು. ಒಂದು ಕಸುಬು ಹೋಗಿ ಹತ್ತು ಕೂಲಿ ಬಂದದ್ದು ಆಗ.

ಕಸೂತಿಯ ಅತ್ಯುತ್ತಮ ಕೆಲಸ ಈ ಬಡತನದ ಕಾಲದಲ್ಲೇ ನಡೆದದ್ದು ನನಗೆ ಇಂದಿಗೂ ಅಚ್ಚರಿಯ ಸಂಗತಿ. ನನ್ನ ದಾದಿ ಭದ್ರಾ ನಾಲೆಯ ಮಣ್ಣು ಹೊತ್ತವಳು. ಲಕ್ಕವಳ್ಳಿಯ ಅಣೆಕಟ್ಟೆ 1960ರ ದಶಕದಲ್ಲಿ ಮುಗಿಯುವವರೆಗೆ ನಾಲೆಯುದ್ದಕ್ಕೂ ಮಣ್ಣಿನ ಕೆಲಸವಿತ್ತು. ಬಯಲುಸೀಮೆಯ ಕೂಲಿಯವರು ಕುಟುಂಬ ಸಮೇತ ಅಲ್ಲಿಗೆ ಹೋಗುತ್ತಿದ್ದರು. ದಾದಿ ಹೇಳುತ್ತಿದ್ದಳು: ಬುಟ್ಟಿ ಇಳಿಸಿ ಮೇಸ್ತ್ರಿ ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಸೊಂಟದ ಗಂಟಿನಿಂದ ಬಟ್ಟೆ ತುಂಡು ತೆಗೆದು ನಾಲ್ಕು ಹೊಲಿಗೆ ಹಾಕುತ್ತಿದ್ದರಂತೆ. ಅದಕ್ಕೇ ಲಂಬಾಣಿ ಕಸೂತಿ ತುಂಡು ತುಂಡಾಗಿ ಹುಟ್ಟುತ್ತದೆ. ದೊಡ್ಡ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಕೂತು ಹೊಲಿಯಲು ನಮ್ಮವರಿಗೆ ಪುರುಸೊತ್ತೂ ಇರಲಿಲ್ಲ, ಸೂರೂ ಇರಲಿಲ್ಲ. ಅಂಗೈ ಅಗಲದ ತುಂಡುಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಹೊಲಿದಿಟ್ಟು, ಕೊನೆಗೆ ಜೋಡಿಸಿ ಕಾಂಚಳಿ ಎಂಬ ರವಿಕೆ ಮಾಡುವುದು, ಫೇಟಿಯಾ ಎಂಬ ಲಂಗದ ಪಟ್ಟಿ ಮಾಡುವುದು. ಕೂಲಿಯ ಬಿಡುವಿನ ಅಳತೆಯೇ ಕಸೂತಿಯ ಅಳತೆಯಾಯಿತು.

ಹೊಲಿಗೆಗಳಿಗೆ ಹೆಸರುಗಳಿವೆ. ಕೀಲನ್, ವೇಲೆ, ಬಕ್ಯಾ, ಮಾಕಿ, ರೇಲೋ, ಗಾದ್ರಿ, ನಾಕ್ರಾ ಹೀಗೆ. ಸಂಡೂರಿನ ಕಡೆ ಹದಿನಾಲ್ಕು ಬಗೆ ಲೆಕ್ಕ ಹಾಕುತ್ತಾರೆ. ಗೀಟು ಹಾಕಿಕೊಂಡು ಹೊಲಿಯುವ ರೂಢಿ ನಮ್ಮ ಹಿರಿಯರಲ್ಲಿ ಇರಲಿಲ್ಲ. ಕಣ್ಣಲ್ಲೇ ಎಳೆ ಎಣಿಸಿ, ಮೊದಲು ಚೌಕ, ಚೌಕದೊಳಗೆ ಓರೆ ಚೌಕ, ನಡುವೆ ಕನ್ನಡಿ. ಹೆಣ್ಣುಮಗು ಕೂಸನ್ನು ಎತ್ತಿ ಆಡಿಸುವ ವಯಸ್ಸಿಗೆ ಬಂದರೆ ಸೂಜಿಗೂ ಬಂದಳೆಂದೇ ಅರ್ಥ. ತನ್ನ ಮದುವೆಯ ಬಟ್ಟೆಯನ್ನು ತಾನೇ ಹೊಲಿಯಬೇಕು. ನೀರಿನ ಕೊಡದ ಸಿಂಬಿಗೆ ಕವಡೆ ಪೋಣಿಸಿ ಹಿಂದೆ ಇಳಿಬಿಡುವ ಪಟ್ಟಿ, ಗಂಡಿಗೆ ಕೊಡುವ ಚೀಲ, ಎಲ್ಲವೂ ಅವಳದೇ ಕೈಕೆಲಸ. ಮದುವೆಯಾಗಿ ಹೋಗುವಾಗ ತಾಯಿಯ ಕೊರಳು ಹಿಡಿದು ಢಾವಲೋ ಹಾಡಿ ಅಳುವಾಗ ಮೈಮೇಲಿದ್ದದ್ದು ಅದೇ ಬಟ್ಟೆ. ಇದ್ಯಾವುದನ್ನೂ ಮಾರಲು ಹೊಲಿದದ್ದಲ್ಲ. ದುಡ್ಡಿಗೆ ಕೂಲಿ, ಮಾನಕ್ಕೆ ಕಸೂತಿ ಎಂದು ಎರಡು ಖಾತೆ ಬೇರೆ ಬೇರೆ ಇದ್ದವು.

ಆ ಎರಡು ಖಾತೆ ಕಲೆತದ್ದು ನನ್ನ ಯಾಡಿಯ, ಅಂದರೆ ತಾಯಿಯ, ಕಾಲಕ್ಕೆ. ಕೂಲಿಗೆ, ಸಂತೆಗೆ ಹೋಗುವ ಹೆಂಗಸರು ಸೀರೆಗೆ ಬದಲಾದರು. ಸೀರೆ ಅಗ್ಗ, ಹಗುರ. ಮೇಲಾಗಿ ಬಸ್ಸಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಪೆಟ್ಟಿಗೆಯಲ್ಲಿದ್ದ ಹಳೆಯ ಫೇಟಿಯಾ, ಕಾಂಚಳಿಗಳನ್ನು ಸ್ಟೀಲ್ ಪಾತ್ರೆಯ ವ್ಯಾಪಾರಿಗಳು ತಟ್ಟೆ ಲೋಟ ಕೊಟ್ಟು ಒಯ್ದರು. ದಾದಿಯ ಮದುವೆಯ ಕಾಂಚಳಿ ಹಾಗೆ ಒಂದು ಕೊಳಗಕ್ಕೆ ಹೋಯಿತು. ಆ ಕೊಳಗ ಈಗಲೂ ತವರಿನಲ್ಲಿದೆ. ಹೀಗೆ ಊರೂರಿಂದ ಹೋದ ಬಟ್ಟೆಗಳನ್ನು ಕತ್ತರಿಸಿ, ಜೋಡಿಸಿ, ಗೋಡೆಗೆ ತೂಗುವ ಪರದೆ ಮಾಡಿ ದಿಲ್ಲಿಯಲ್ಲಿ, ಗೋವಾದಲ್ಲಿ ಮಾರಿದರು. ಗೋವಾದ ಅಂಜುನಾ ಸಂತೆಯಲ್ಲಿ ಕರ್ನಾಟಕದಿಂದ ಹೋದ ಲಂಬಾಣಿ ಹೆಂಗಸರೇ ವಿದೇಶಿಯರ ಮುಂದೆ ಬಟ್ಟೆ ಹರಡಿ ಕೂತರು. ಹಿಂದಿನವರು ಮಾನಕ್ಕೆ ಹೊಲಿದದ್ದಕ್ಕೆ ಹೊರಗಿನವರು ದುಡ್ಡು ಕೊಡುತ್ತಾರೆಂದು ನಮಗೆ ತಿಳಿದದ್ದು, ಅದು ನಮ್ಮ ಕೈ ದಾಟಿದ ಮೇಲೆ.

ಕೈ ದಾಟದಂತೆ ಹಿಡಿದವರೂ ಇದ್ದಾರೆ. ಸಂಡೂರಿನಲ್ಲಿ ಎಂ.ವೈ. ಘೋರ್ಪಡೆಯವರು ಕಟ್ಟಿದ ಕುಶಲ ಕಲಾ ಕೇಂದ್ರ 1980ರ ದಶಕದಿಂದ ತಾಂಡಾದ ಹೆಂಗಸರಿಗೆ ಬಟ್ಟೆ, ದಾರ ಕೊಟ್ಟು ಹೊಲಿಸುತ್ತಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು. ವಿಜಯಪುರದಲ್ಲಿ ಸಬಲಾ ಸಂಸ್ಥೆ ಇದೇ ಕೆಲಸ ಮಾಡಿದೆ. ತಮಿಳುನಾಡಿನ ಸಿತ್ತಿಲಿಂಗಿ ಕಣಿವೆಯ ಲಂಬಾಡಿಗಳಲ್ಲಿ ಕಸೂತಿ ಮರೆತೇ ಹೋಗಿತ್ತು. ಅಲ್ಲಿ ಕೆಲವು ಹಿರಿಯ ಹೆಂಗಸರಿಗೆ ನೆನಪಿದ್ದ ಹೊಲಿಗೆಗಳಿಂದ ಪೋರ್ಗೈ ಎಂಬ ಗುಂಪು ಮತ್ತೆ ಎದ್ದಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರಿನ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಆ ಸುದ್ದಿಯ ಫೋಟೋವನ್ನು ನನ್ನ ಅತ್ತೆ ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ, "ಈ ಕೆಲಸ ನಮಗೂ ಬರ್ತದಲ್ಲ" ಎಂದರು. ನನ್ನ ಯೋಜನೆ ಶುರುವಾದದ್ದು ಆ ಮಾತಿನಿಂದ.

ಯೋಜನೆ ಎಂದರೆ ದೊಡ್ಡದೇನಲ್ಲ. ಸೂರಗೊಂಡನಕೊಪ್ಪವನ್ನು ನಾವು ಭಾಯಾಗಡ್ ಎನ್ನುತ್ತೇವೆ. ಸಂತ ಸೇವಾಲಾಲರು ಹುಟ್ಟಿದ ಜಾಗವೆಂಬುದು ನಮ್ಮ ನಂಬಿಕೆ. ಅವರು ಹುಟ್ಟಿದ್ದು 1739ರ ಫೆಬ್ರುವರಿ 15 ಎನ್ನುತ್ತಾರೆ. ಪ್ರತಿವರ್ಷ ಆ ಹೊತ್ತಿಗೆ ಮಾಲೆ ಹಾಕಿದ ಭಕ್ತರು ನಡೆದು ಬರುತ್ತಾರೆ. ಕರ್ನಾಟಕದ ಮೂಲೆಮೂಲೆಯಿಂದ, ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದ ಬಸ್ಸು, ಟ್ರ್ಯಾಕ್ಟರುಗಳು ಬರುತ್ತವೆ. ಆ ಜಾತ್ರೆಯಲ್ಲಿ ಒಂದು ಮೇಜು ಹಾಕಿ ನನ್ನದೂ ಅತ್ತೆಯದೂ ಕೈಕೆಲಸ ಮಾರಬೇಕು. ಮೊಬೈಲ್ ಹಾಕುವ ಚೀಲ, ಕವಡೆ ಕಟ್ಟಿದ ಕೀಲಿ ಗೊಂಚಲು, ಬಾಗಿಲ ತೋರಣ, ನೋಟ್‌ಬುಕ್ಕಿನ ಹೊದಿಕೆ, ಮಕ್ಕಳ ಕೈಗೆ ಪಟ್ಟಿ. ದೊಡ್ಡ ಬಟ್ಟೆ ಬೇಡ. ಕೂಲಿಯ ನಡುವೆ ಮುಗಿಯುವಂಥದ್ದು ಸಾಕು.

ಆದರೆ ಕೂಲಿಯೇ ಕಸೂತಿಗೆ ಪಂಚಾಂಗ ಬರೆಯುತ್ತದೆ. ಆಗಸ್ಟಿನಿಂದ ಚನ್ನಗಿರಿ ಕಡೆ ಅಡಿಕೆ ಕೊಯ್ಲು. ಚೇಣಿ (ಫಸಲಿನ ಗುತ್ತಿಗೆ) ಹಿಡಿದವರು ತೋಟದಿಂದ ಗೊನೆ ತಂದು ರಾಶಿ ಹಾಕುತ್ತಾರೆ. ಸುಲಿಯಲು ನಮ್ಮನ್ನು ಕರೆಯುತ್ತಾರೆ. ಈಗ ಸುಲಿಯುವ ಯಂತ್ರಗಳು ಬಂದಿವೆ. ಆದರೂ ಯಂತ್ರ ಬಿಟ್ಟದ್ದನ್ನು ಸುಲಿಯಲು, ಗೋಟು ಆರಿಸಲು, ಬೇಯಿಸಿದ್ದನ್ನು ಹರಡಲು ಹೆಂಗಸರ ಕೈ ಬೇಕೇ ಬೇಕು. ಹಸಿ ಅಡಿಕೆಯ ಚೊಗರು ಬೆರಳಿಗೆ ಹಿಡಿದರೆ ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ. ಹುಣಸೆ ಹಾಕಿ ಉಜ್ಜಿದರೂ ಅಷ್ಟೇ, ನಿಂಬೆ ಉಜ್ಜಿದರೂ ಅಷ್ಟೇ. ಆ ಕೈಯಲ್ಲಿ ಬಿಳಿ ದಾರ ಮುಟ್ಟಿದರೆ ದಾರ ಮಾಸುತ್ತದೆ. ಹಾಗಾಗಿ ಸುಗ್ಗಿ ಮುಗಿಯುವವರೆಗೆ ನಾನು ಹೊಲಿಯುವುದು ಕಪ್ಪು, ಕಡುನೀಲಿ ಬಟ್ಟೆಯ ಮೇಲೆ ಕೆಂಪು, ಹಳದಿ, ಹಸಿರು ಮಾತ್ರ. ಬಿಳಿಯ ಕೆಲಸವೆಲ್ಲ ಸಂಕ್ರಾಂತಿ ಕಳೆದ ಮೇಲೆ. ಹೊನ್ನಾಳಿ ಕಡೆ ನಾಟಿಗೆ ಗುತ್ತಿಗೆ ಹಿಡಿದು ಹೋಗುವ ದಿನಗಳಲ್ಲಿ ಬೆರಳು ನೀರಿನಲ್ಲಿ ನೆನೆದು ಮೆತ್ತಗಾಗಿ ಸೂಜಿ ಹಿಡಿತಕ್ಕೆ ಸಿಗುವುದಿಲ್ಲ. ಮೆಕ್ಕೆಜೋಳ ಮುರಿಯುವಾಗ ಇದಕ್ಕೆ ತಿರುಗುಮುರುಗು: ಅಂಗೈ ಒರಟಾಗಿ ಎಳೆ ಸಿಕ್ಕಿಕೊಳ್ಳುತ್ತದೆ, ರಾತ್ರಿ ಕೊಬ್ಬರಿ ಎಣ್ಣೆ ತಿಕ್ಕಿ ಮಲಗಬೇಕು. ಕಬ್ಬಿನ ಸೋಗೆ ಕೊಯ್ದ ಗಾಯವಿದ್ದರೆ ಆ ವಾರ ಕಸೂತಿಯೇ ಇಲ್ಲ. ಇವನ್ನೆಲ್ಲ ದಾದಿ ತಿಳಿದಿದ್ದಳು. ಅವಳ ಬಟ್ಟೆಗಳಲ್ಲಿ ಕಡುಬಣ್ಣದ ನೆಲವೇ ಹೆಚ್ಚು ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬೇಕೆಂದು ಈಗ ಹೊಳೆಯುತ್ತದೆ.

ಅತ್ತೆಗೂ ನನಗೂ ಒಂದು ವಿಷಯದಲ್ಲಿ ಮಾತು ನಡೆಯಿತು. ಮದುವೆಯ ಕಾಂಚಳಿಗೆ ಹಾಕುವ ಹೊಲಿಗೆಯ ಕ್ರಮವನ್ನು ಮೊಬೈಲ್ ಚೀಲಕ್ಕೆ ಹಾಕಬಾರದು ಎಂದು ಅವರ ಪಟ್ಟು. "ಮದಿಮಗಳದ್ದು ಸಂತೇಲಿ ಮಾರೋದಲ್ಲ" ಎಂದರು. ನಾನು ಒಪ್ಪಿದೆ, ಮನಸಾರೆ ಒಪ್ಪಿದೆ. ಮಾರುವುದಕ್ಕೆ ಬೇರೆ ಸಾಲು, ನಮ್ಮವರಿಗೆ ಬೇರೆ ಸಾಲು. ಅಂಚಿನ ನಾಕ್ರಾ, ವೇಲೆ, ಸೂರ್ಯಕಾಂತಿ ಮಾಕಿ ಇವು ಮಾರುವುದಕ್ಕೆ. ಕಾಂಚಳಿಯ ಎದೆಯ ತುಂಡು ನನ್ನ ಮಗಳಿಗೆ. ಕನ್ನಡಿ ಪ್ಲಾಸ್ಟಿಕ್ಕಿನದು ಬೇಡ ಎಂಬುದರಲ್ಲೂ ಅವರೇ ಗೆದ್ದರು. ಗಾಜಿನದು ಬೆಲೆ ಜಾಸ್ತಿ, ಆದರೆ ದೀಪದ ಬೆಳಕಿಗೆ ಅದು ಕೊಡುವ ಹೊಳಪು ಬೇರೆ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಮೇರಾ ಹಾಡು ಹೇಳಿಕೊಂಡು ಬರುವಾಗ ಇಡೀ ತಾಂಡಾ ಅದನ್ನು ನೋಡಿದೆ.

ಉಳಿದದ್ದು ಬೆಲೆಯ ಪ್ರಶ್ನೆ. ಇಲ್ಲೇ ನಮ್ಮ ಹಿರಿಯರು ಸೋತದ್ದು, ಇಲ್ಲಿ ನಾನು ಗಟ್ಟಿಯಾಗಿ ನಿಲ್ಲಬೇಕೆಂದಿದ್ದೇನೆ. ಕಸೂತಿಯನ್ನು ಬಿಡುವಿನ ಕೆಲಸ ಎಂದವರು ಅದಕ್ಕೆ ದಾರ, ಬಟ್ಟೆಯ ದುಡ್ಡಿನ ಮೇಲೆ ಅಷ್ಟಿಷ್ಟು ಸೇರಿಸಿ ಬೆಲೆ ಕಟ್ಟುತ್ತಾರೆ. ಬಿಡುವು ಎಂಬುದು ನಮ್ಮ ತಾಂಡಾದ ಯಾವ ಹೆಂಗಸಿಗೆ ಇತ್ತು? ಮಣ್ಣು ಹೊತ್ತ ದಾದಿಯ ಊಟದ ಹೊತ್ತು ಅದು, ನಿದ್ದೆಯ ಹೊತ್ತು ಅದು. ಅದಕ್ಕೆ ನನ್ನ ಲೆಕ್ಕ ಹೀಗೆ: 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ ಇತ್ತು. ಗುದ್ದಲಿ ಹಿಡಿದ ದಿನಕ್ಕೆ ಸರ್ಕಾರವೇ ಅಷ್ಟು ಕೊಟ್ಟಿದೆ ಎಂದಮೇಲೆ ಸೂಜಿ ಹಿಡಿದ ದಿನಕ್ಕೂ ಅದಕ್ಕಿಂತ ಕಡಿಮೆ ಆಗಕೂಡದು. ಒಂದು ಚೀಲದ ಕೆಲಸ ಒಟ್ಟು ಸೇರಿಸಿದರೆ ಒಂದೂವರೆ ದಿನದ್ದಾದರೆ ಕೂಲಿ 555 ರೂಪಾಯಿ, ಮೇಲೆ ಸಾಮಾನಿನ ಖರ್ಚು. ಹೆಚ್ಚಾಯಿತು ಎನ್ನುವವರಿಗೆ ಚಿಕ್ಕ ವಸ್ತು ತೋರಿಸುತ್ತೇನೆ. ದೊಡ್ಡ ವಸ್ತುವಿನ ಬೆಲೆ ಇಳಿಸುವುದಿಲ್ಲ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕಿದೆ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಬಂತು. 2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿಗಳು 50,000ಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಹಂಚುವುದನ್ನು ಆರಂಭಿಸಿದರು. ಇವು ಸಣ್ಣ ವಿಷಯಗಳಲ್ಲ. ಮನೆಗೊಂದು ವಿಳಾಸವಿಲ್ಲದೆ ಸಾಲವೂ ಇಲ್ಲ, ಕುಶಲಕರ್ಮಿಯ ಪಹಚಾನ್ ಕಾರ್ಡೂ ಇಲ್ಲ. ಆದರೆ ಅದೇ ವರ್ಷದ ಸೆಪ್ಟೆಂಬರ್ 17ರಂದು ಶುರುವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ, ಹೂಮಾಲೆ ಕಟ್ಟುವವರು, ದರ್ಜಿ ಇದ್ದಾರೆ. ಕಸೂತಿ ಹಾಕುವವಳು ಇಲ್ಲ. ಭೌಗೋಳಿಕ ಸೂಚಕದ ಹೆಸರು ಸಂಡೂರಿನದು. ನ್ಯಾಮತಿ, ಜಗಳೂರಿನ ತಾಂಡಾಗಳಲ್ಲಿ ಹೊಲಿದದ್ದನ್ನು ಆ ಹೆಸರಿನಲ್ಲಿ ಮಾರಲಾಗದು. ಸಂಡೂರಿನವರು ದುಡಿದು ಗಳಿಸಿದ ಹೆಸರು ಅದು, ಅವರಿಗೇ ಸಲ್ಲಬೇಕು. ಈ ಜಿಲ್ಲೆಯ ತಾಂಡಾಗಳಿಗೆ ತಮ್ಮದೇ ಒಂದು ಹೆಸರು, ಸೂರಗೊಂಡನಕೊಪ್ಪದಲ್ಲಿ ವರ್ಷವಿಡೀ ತೆರೆದಿರುವ ಒಂದು ಮಳಿಗೆ, ಕಸುಬುಗಳ ಪಟ್ಟಿಯಲ್ಲಿ ಕಸೂತಿಗೆ ಒಂದು ಸಾಲು, ಇವು ಮೂರನ್ನು ಕೇಳುವ ಹಕ್ಕು ನಮಗಿದೆ.

ಓದುತ್ತಿರುವ ನಿಮಗೂ ಒಂದು ವಿನಂತಿ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕಾಂಚಳಿಯೋ ಫೇಟಿಯಾದ ಪಟ್ಟಿಯೋ ಇದ್ದರೆ ಪಾತ್ರೆಗೆ ಕೊಡಬೇಡಿ; ಅದರ ಹೊಲಿಗೆಗಳನ್ನು ಬಲ್ಲ ಒಬ್ಬ ಹಿರಿಯಳನ್ನು ಕೂರಿಸಿಕೊಂಡು ಹೆಸರು ಕೇಳಿ ಬರೆದಿಡಿ. ಫೆಬ್ರುವರಿಯಲ್ಲಿ ಸೂರಗೊಂಡನಕೊಪ್ಪಕ್ಕೆ ಬಂದರೆ, ಕಸೂತಿ ಮಾರುವವಳ ಹತ್ತಿರ ಬೆಲೆ ಕೇಳುವ ಮೊದಲು ಅದಕ್ಕೆ ಎಷ್ಟು ದಿನ ಹಿಡಿಯಿತೆಂದು ಕೇಳಿ. ಆಮೇಲೆ ದಿನಕ್ಕೆ 370ರಂತೆ ನೀವೇ ಲೆಕ್ಕ ಹಾಕಿ ಕೊಡಿ.